ತುಂಬಿಹೋದ ಮರಳು

ಅಕ್ಕ ಲೋಟ ತುಂಬಿಸಿ ಮುಂದಿಟ್ಟಳು. "ಕುಡಿ ಗುಬ್ಬಿ, ನಿನ್ನದೇ ನೀರು. ಬೀದಿಯವರು ಈಗಲೂ ನಿನ್ನ ಹೆಸರು ಹೇಳ್ಕೊಂಡೇ ಹಿಡೀತಾರೆ."

ಹೊಗಳಿಕೆಗೆ ಗುಬ್ಬಿ ಹಿಗ್ಗಬೇಕಿತ್ತು. ಬದಲಿಗೆ ಲೋಟವನ್ನು ತುಟಿಗಿಡದೆ ಪಕ್ಕಕ್ಕೆ ಸರಿಸಿದಳು. ಆ ಬೀದಿಯ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷವಿತ್ತು. ಪ್ರಯೋಗಾಲಯದಲ್ಲಿ ತಾನೇ ಕಬ್ಬಿಣದ ಲೇಪನ ಕೊಟ್ಟ ಮರಳನ್ನು ತೊಟ್ಟಿಗೆ ತುಂಬಿ, ನಲ್ಲಿ ಕೂಡಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಹೋಗಿ ಎರಡು ವರ್ಷವಾಗಿತ್ತು. ವಿಷ ಆ ಮರಳಿನ ಮೈಗೆ ಅಂಟಿಕೊಳ್ಳುತ್ತದೆ. ಮೈಯೆಲ್ಲ ತುಂಬಿದ ಮೇಲೆ ಮಾತ್ರ ತಡೆಯುವವರಿಲ್ಲದೆ ದಾಟಿಹೋಗುತ್ತದೆ. ವರ್ಷಕ್ಕೊಮ್ಮೆ ಮರಳು ಬದಲಿಸಬೇಕಿತ್ತು. ವಿಷ ಹೀರುವ ಹೊಸ ಹೊಸ ಪುಡಿಗಳ ಬೆನ್ನು ಹತ್ತಿದ ಗಡಿಬಿಡಿಯಲ್ಲಿ ಹಳೆಯದನ್ನು ಯಾರೂ ನೆನೆಯಲಿಲ್ಲ, ಅವಳೂ ಸಹ.

ಚೀಲದಿಂದ ಪರೀಕ್ಷೆಯ ಡಬ್ಬಿ ತೆಗೆದು, ಲೋಟದ ನೀರನ್ನು ಅದಕ್ಕೆ ಸುರಿದಳು. ಸ್ವಲ್ಪ ಹೊತ್ತಿಗೆ ಅದರ ಬಿಳಿ ಕಾಗದದ ಪಟ್ಟಿ ಕಂದುಬಣ್ಣಕ್ಕೆ ತಿರುಗಿತು.

"ನೀರು ತಿಳಿಯಾಗೇ ಇದೆಯಲ್ಲೇ!" ಎಂದಳು ಅಕ್ಕ.

"ವಿಷಕ್ಕೆ ಬಣ್ಣ ಇಲ್ಲ ಅಕ್ಕಾ, ರುಚೀನೂ ಇಲ್ಲ. ಮಕ್ಕಳಿಗೆ ಇದನ್ನ ಕೊಡಬೇಡ."

ಗುಬ್ಬಿ ಹೋಗಿ ನಲ್ಲಿಗೆ ಬೀಗ ಜಡಿದಳು. ಕೊಡ ಹಿಡಿದು ನಿಂತಿದ್ದ ಪಕ್ಕದ ಮನೆಯಾಕೆ ರೇಗಿದಳು: "ನೀನೇ ಹಾಕಿಸ್ದೆ, ನೀನೇ ಮುಚ್ತೀಯಾ? ಅಷ್ಟು ದೂರದ ಬಾವಿಯಿಂದ ನೀರು ಯಾರು ಹೊರ್ತಾರೆ?" ಗುಬ್ಬಿ ತಲೆ ತಗ್ಗಿಸಿಕೊಂಡು, ಹೊಸ ಮರಳು ಮಾಡಿ ತರಲು ಬಸ್ಸು ಹತ್ತಿದಳು.

ಲೇಪನ ಕೂರಬೇಕಾದರೆ ಮರಳನ್ನು ಕಾಯಿಸಬೇಕು; ಪ್ರಯೋಗಾಲಯದಲ್ಲಿ ಇದ್ದದ್ದು ಒಂದೇ ಕುಲುಮೆ. ಮರುದಿನ ಬರುವ ಅತಿಥಿಗಳಿಗೆ ತೋರಿಸಲೆಂದು ಅದರಲ್ಲಿ ಹೊಸ ಪುಡಿ ಬೇಯುತ್ತಿತ್ತು.

"ಒಂದು ವಾರ ಹೊತ್ತು ತರಲಿ ಬಿಡಮ್ಮ," ಎಂದರು ಪ್ರಯೋಗಾಲಯ ನಡೆಸುವ ಮೇಷ್ಟ್ರು. "ಈ ಪುಡಿ ಗೆದ್ದರೆ ನೂರು ಬೀದಿಗೆ ಒಳ್ಳೇ ನೀರು. ಒಂದು ಬೀದಿಗೋಸ್ಕರ ಅದನ್ನ ಕೆಡಿಸ್ತೀಯಾ?"

"ಗೆಲ್ಲುತ್ತೆ ಸಾರ್. ಆಮೇಲೆ ನೂರು ಬೀದೀನೂ ಹೀಗೇ ಮರೀತೀವಿ."

ಅವರು ಮುಖ ಗಂಟಿಕ್ಕಿಕೊಂಡು ಸಭೆಗೆ ಹೊರಟುಹೋದರು. ಗುಬ್ಬಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪುಡಿ ಮುಟ್ಟಿದರೆ ಕೆಲಸ ಹೋದರೂ ಹೋಗಬಹುದು. ದೂರದಿಂದ ಹೊರಲಾಗದವರು ಬೀಗ ಒಡೆದು ಮತ್ತೆ ಅದನ್ನೇ ಕುಡಿದರೆ? ಕೊನೆಗೆ ಇಕ್ಕಳ ಹಿಡಿದು ಪುಡಿಯ ತಟ್ಟೆಗಳನ್ನು ಒಂದೊಂದಾಗಿ ಹೊರಗೆಳೆದಳು. ಲೇಪನ ಹಚ್ಚಿದ ಮರಳನ್ನು ಒಳಗಿಡತೊಡಗಿದಳು.

ಮೇಷ್ಟ್ರು ಹಿಂತಿರುಗಿದಾಗ ಇನ್ನೂ ಅರ್ಧ ಮರಳು ಹೊರಗಿತ್ತು. ಅವರ ಮುಖ ಕೆಂಪೇರಿತು.

"ನಾಳೆ ಬಂದವರಿಗೆ ಏನು ತೋರಿಸ್ಲಿ? ನನ್ನ ತಲೇನಾ?"

"ಬೀಗ ಹಾಕಿದ ನಲ್ಲಿ ತೋರಿಸಿ ಸಾರ್."

ಮೇಷ್ಟ್ರು ಕುಲುಮೆಯ ಹೊರಗೆ ಸಾಲಾಗಿ ಆರುತ್ತಿದ್ದ ತಮ್ಮ ಪುಡಿಯನ್ನೇ ನೋಡುತ್ತ ನಿಂತರು. ಆಮೇಲೆ ಗೂಟದಲ್ಲಿದ್ದ ಕೈಗವಸು ತೊಟ್ಟು, ಮರಳಿನ ದೊಡ್ಡ ತಟ್ಟೆಗೆ ಕೈ ಹಾಕಿದರು.

"ಆ ಕಡೆ ಹಿಡಿ," ಎಂದರು.