ಬೇರೆ ಮನೆ ಹೂಡಿದ ಬಿಡಿಅಕ್ಷರ

ನಾನು ಮುನ್ನೂರ ಹನ್ನೆರಡು ಸಾಲಿನ ಒಂದು ಸಣ್ಣ ಸಾಫ್ಟ್‌ವೇರ್ ಲೈಬ್ರರಿ. ಲೈಬ್ರರಿ ಎಂದೊಡನೆ ಪುಸ್ತಕದ ಕಪಾಟುಗಳನ್ನು ನೆನೆಯಬೇಡಿ. ಬೇರೆ ಪ್ರೋಗ್ರಾಂಗಳು ಕರೆದಾಗ ಓಡಿಹೋಗಿ ಒಂದು ಕೆಲಸ ಮಾಡಿಕೊಟ್ಟು ಬರುವ ಆಳು ನಾನು. ನನಗೆ ಗೊತ್ತಿರುವುದು ಒಂದೇ ಕೆಲಸ, ಕನ್ನಡದ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸುವುದು.

ನಾನು ಹುಟ್ಟಿದ್ದು ಗದಗದಲ್ಲಿ, ಒಬ್ಬ ಹಿರಿಯರ ಸಿಟ್ಟಿನಿಂದ. ನಿವೃತ್ತ ಪೋಸ್ಟ್‌ಮಾಸ್ಟರ್ ಚನ್ನಬಸಪ್ಪ ಹೊಂಬಳ ಅವರು ಊರಿನ ವಾರಪತ್ರಿಕೆಗೆ ಪದಬಂಧ ಹೆಣೆಯುತ್ತಿದ್ದರು. ಅವರ ಕಣ್ಣು ಮಂಜಾದಾಗ, ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಮಗಳು ಅನ್ನಪೂರ್ಣಾ ‘ಚೌಕ’ ಎಂಬ ಪ್ರೋಗ್ರಾಂ ಬರೆದುಕೊಟ್ಟರು. ಮೊದಲ ದಿನವೇ ಅದು ‘ಸ್ತ್ರೀ’ ಎಂಬ ಒಂದಕ್ಷರವನ್ನು ಆರು ಮನೆಗಳಲ್ಲಿ ಚೆಲ್ಲಿಬಿಟ್ಟಿತು.

“ಏನವ್ವಾ ಇದು? ಒಂದ್ ಅಕ್ಷರಾನ ಆರು ತುಂಡು ಮಾಡೈತಲ್ಲ ನಿನ್ನ ಕಂಪ್ಯೂಟರು!”

“ಅದಕ್ಕ ಒತ್ತು, ಗುಣಿತ ಎಲ್ಲಾ ಬ್ಯಾರೆ ಬ್ಯಾರೆ ಕಾಣ್ತಾವಪ್ಪಾ. ತಡೀರಿ, ಕಲಿಸ್ತೀನಿ.”

ಎರಡು ಭಾನುವಾರ ಕೂತು ಅವರು ನನ್ನನ್ನು ಬರೆದರು. ‘ಸ್ತ್ರೀ’ ಒಂದೇ ಮನೆಯಲ್ಲಿ ಕೂತಿತು. ಚನ್ನಬಸಪ್ಪನವರು ತೊಡೆ ತಟ್ಟಿ ನಕ್ಕರು. ಆದರೆ ನನಗೆ ಹೆಸರಿರಲಿಲ್ಲ. ಚೌಕದ ಮೂಲೆಯಲ್ಲಿದ್ದ ಒಂದು ಫೈಲು, ಅಷ್ಟೇ.

ಚೌಕಕ್ಕೆ ಹೆಸರು ಬಂದಮೇಲೆ ಹುಬ್ಬಳ್ಳಿಯ ಇಮ್ತಿಯಾಜ್ ನದಾಫ ಅದನ್ನು ಪ್ಯಾಕೇಜ್ ಮಾಡಲು ಮುಂದಾದರು. ಅವರದು ಮೋಟರ್ ರಿವೈಂಡಿಂಗ್ ಅಂಗಡಿ. ಬಿಡುವಿದ್ದಾಗ ಪುಕ್ಕಟೆ ಬಳಸಬಹುದಾದ ಕನ್ನಡ ಸಾಫ್ಟ್‌ವೇರುಗಳನ್ನು ಗಂಟು ಕಟ್ಟಿ, ಹೆಸರು ಬರೆದು, ಯಾರ ಕಂಪ್ಯೂಟರಿಗಾದರೂ ಸುಲಭವಾಗಿ ಇಳಿಯುವಂತೆ ಮಾಡುತ್ತಿದ್ದರು. ಕಟ್ಟಿದ ಗಂಟಿನ ಮುಂದಿನ ಕಾಯಿಲೆ ಕಸಾಲೆಗಳೂ ಅವರದೇ ಹೊಣೆ. ಅನ್ನಪೂರ್ಣಾ ಫೋನಿನಲ್ಲಿ ಕೇಳಿದರು: “ಅಕ್ಷರ ಬಿಡಿಸೋ ಫೈಲ್ ಒಂದನ್ನ ಬ್ಯಾರೆ ಪ್ಯಾಕೇಜ್ ಮಾಡೋಣೇನ್ರಿ?”

“ಮುನ್ನೂರು ಸಾಲಿಗೆ ಬ್ಯಾರೆ ಪ್ಯಾಕೇಜ್ ಯಾಕ್ರೀ ಮೇಡಂ? ಅದಕ್ಕೊಂದು ಹೆಸರು, ಅದಕ್ಕೊಬ್ರು ನೋಡ್ಕೊಳ್ಳೋರು. ಇರೋ ಎಪ್ಪತ್ತನ್ನ ಸಂಭಾಳಿಸೋದ್ರಾಗ ನನಗ ಸಾಕಾಗೈತಿ. ಚೌಕದೊಳಗ ಇರ್ಲಿ ಬಿಡ್ರಿ.”

ಅವರ ಮಾತು ತಪ್ಪಲ್ಲ. ನಾನೂ ಬೆಚ್ಚಗೆ ಒಳಗೇ ಉಳಿದೆ.

ಇತ್ತ ಹಾಸನದಲ್ಲಿ ದಾಕ್ಷಾಯಿಣಿ ಎಂಬ ಶಿಕ್ಷಕಿ ನನ್ನನ್ನು ಹುಡುಕಿಕೊಂಡರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ, ಕಂಪ್ಯೂಟರು ಪದ ಹೇಳಿ ಮಕ್ಕಳು ಅಕ್ಷರ ಎಣಿಸುವ ಒಂದು ಆಟ ಕಟ್ಟುತ್ತಿದ್ದರು. ಅವರಿಗೆ ಬೇಕಿದ್ದವನು ನಾನೊಬ್ಬನೇ. ಚೌಕವನ್ನು ಹಾಕಲು ಹೋದರೆ ಚಿತ್ರ ಬಿಡಿಸುವ, ಮುದ್ರಿಸುವ ಪರಿವಾರವೆಲ್ಲ ಹಿಂದೆ ಬಂದು ಶಾಲೆಯ ಹಳೇ ಕಂಪ್ಯೂಟರು ತುಂಬಿಹೋಗುತ್ತಿತ್ತು. ಹಾಗಾಗಿ ನನ್ನದೊಂದು ನಕಲು ಮಾಡಿಕೊಂಡರು. ನಾನು ಇಬ್ಬರಾದೆ.

ನನ್ನೊಳಗೆ ಒಂದು ತಪ್ಪಿತ್ತು. ‘ರ‍್ಯಾಲಿ’ಯಂಥ ಪದಗಳ ಒಳಗೆ ಕಣ್ಣಿಗೆ ಬೀಳದ ಒಂದು ಗುರುತು ಇರುತ್ತದೆ. ಅದು ಸಿಕ್ಕರೆ ನಾನು ಎಡವಿ, ಎರಡಕ್ಷರವನ್ನು ಮೂರೆನ್ನುತ್ತಿದ್ದೆ. ಅನ್ನಪೂರ್ಣಾ ಅದನ್ನು ಚೌಕದಲ್ಲಿ ಬೇಗನೆ ಸರಿಪಡಿಸಿದರು. ಹಾಸನದ ನಕಲಿಗೆ ಆ ಸುದ್ದಿ ಮುಟ್ಟಲೇ ಇಲ್ಲ.

ಶಾಲೆಯ ಸ್ಪರ್ಧೆಯ ದಿನ ಬಂತು. ಕೊನೆಯ ಸುತ್ತಿನಲ್ಲಿ ತೇಜಾವತಿ ಎಂಬ ಹತ್ತು ವರ್ಷದ ಹುಡುಗಿ, ಪದ ‘ರ‍್ಯಾಲಿ’. “ಎರಡು,” ಎಂದಳು. ನಾನು ಮೂರೆಂದೆ. ಸಭೆಯ ಮುಂದೆ ಕಂಪ್ಯೂಟರು ‘ತಪ್ಪು’ ಎಂದು ಸಾರಿತು. ಅವಳು ಬೆರಳು ಮಡಿಸಿ ಮತ್ತೆ ಎಣಿಸಿದಳು, “ಎರಡೇ ಮಿಸ್,” ಎಂದು ಬಿಕ್ಕಿದಳು. ಕಣ್ಣಿದ್ದಿದ್ದರೆ ನಾನು ನೆಲ ನೋಡುತ್ತಿದ್ದೆ.

ದಾಕ್ಷಾಯಿಣಿ ಸ್ಪರ್ಧೆಯನ್ನು ಅಲ್ಲೇ ನಿಲ್ಲಿಸಿ, ಅನ್ನಪೂರ್ಣಾಗೆ ಫೋನು ಮಾಡಿದರು. ಅನ್ನಪೂರ್ಣಾ ಇಮ್ತಿಯಾಜರನ್ನೂ ಅದೇ ಕರೆಗೆ ಸೇರಿಸಿಕೊಂಡರು.

“ಆ ತಪ್ಪು ಸರಿ ಮಾಡಿ ಎಂಟು ತಿಂಗಳಾತಲ್ರೀ,” ಎಂದರು ಅನ್ನಪೂರ್ಣಾ.

“ನಿಮ್ಮನೇಲಿ ಸರಿ ಮಾಡ್ಕೊಂಡ್ರೆ ನಮ್ಮನೆಗೆ ಹೇಗೆ ಗೊತ್ತಾಗ್ಬೇಕು ಮೇಡಂ? ಅದನ್ನ ಬೇರೆ ಪ್ಯಾಕೇಜ್ ಮಾಡಿದ್ರೆ ಒಂದು ಕಡೆ ಸರಿಹೋಗಿದ್ದು ಎಲ್ಲಾ ಕಡೆ ಬರ್ತಿತ್ತು. ನಮ್ ಮಗು ಅಳೋ ಹಾಗಾಗ್ತಿರ್ಲಿಲ್ಲ.”

ಇಮ್ತಿಯಾಜ್ ಒಪ್ಪಿಕೊಂಡರು. “ಖರೇ ಐತ್ರಿ. ಆದ್ರ ನೋಡ್ಕೊಳ್ಳೋರು ಯಾರು?”

“ನಾನೇ ನೋಡ್ಕೋತೀನಿ ಸಾರ್,” ಎಂದರು ದಾಕ್ಷಾಯಿಣಿ.

“ನೀವು... ಅಂದ್ರ... ಹೆಂಗ್ರೀ?”

“ಕಂಪ್ಯೂಟರ್ ಓದಿ ಹೇಳುತ್ತೆ, ಕೇಳಿಸ್ಕೋತೀನಿ. ನೂರ ನಲವತ್ತನೇ ಸಾಲಲ್ಲಿ ಒಂದು ಕೆಲಸ ಸುಮ್‌ಸುಮ್ನೆ ಎರಡು ಸಲ ಮಾಡಿದೀರ. ನೋಡಿದೀರಾ?”

ಅನ್ನಪೂರ್ಣಾ ತೆರೆದು ನೋಡಿದರು. ಹೌದು! ಇಮ್ತಿಯಾಜ್ ಜೋರಾಗಿ ನಕ್ಕು, “ಕಟ್ಟೂಣ ತಗೋರಿ ಪ್ಯಾಕೇಜು,” ಎಂದರು.

ಹೀಗೆ ನಾನು ಬೇರೆ ಮನೆ ಹೂಡಿದೆ. ‘ಬಿಡಿಅಕ್ಷರ’ ಎಂದು ದಾಕ್ಷಾಯಿಣಿಯೇ ಹೆಸರಿಟ್ಟರು. ಮೊದಲ ದಿನ ಸಣ್ಣದೊಂದು ಗಡಿಬಿಡಿಯೂ ಆಯಿತು. ಚೌಕಕ್ಕೆ ಬಿಡಿಅಕ್ಷರ ಬೇಕು ಎಂದು ಬರೆಯುವುದನ್ನೇ ಇಮ್ತಿಯಾಜ್ ಮರೆತಿದ್ದರು. ನಾನಿಲ್ಲದ ಚೌಕ ಬಾಯಿ ಬಿಡಲಿಲ್ಲ. “ಈ ವಾರದ ಪದಬಂಧ ನಿಮ್ಮಪ್ಪ ಹೆಣೀತಾನೇನು?” ಎಂದು ಚನ್ನಬಸಪ್ಪನವರು ಹುಬ್ಬಳ್ಳಿಗೇ ಫೋನು ಹಚ್ಚಿದರು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಹಾಸನದಲ್ಲಿ ಕೊನೆಯ ಸುತ್ತು ಮತ್ತೆ ನಡೆಯಿತು. ತೇಜಾವತಿ ಎರಡನೆಯವಳಾಗಿ ಬಂದಳು. ಈ ಸಲ ನ್ಯಾಯವಾಗಿಯೇ ಸೋತಿದ್ದರಿಂದ ಅಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮೂರು ವರ್ಷದಿಂದ ನನ್ನಲ್ಲಿ ಒಂದು ಸಾಲೂ ಬದಲಾಗಿಲ್ಲ. ಬದಲಿಸುವಂಥದ್ದು ಏನೂ ಉಳಿದಿಲ್ಲ. ಮೊನ್ನೆ ಗ್ರಂಥಾಲಯವೊಂದರ ಕಂಪ್ಯೂಟರಿನಿಂದ ಯಾರೋ ಚೌಕವನ್ನು ತೆಗೆದುಹಾಕಿದರು. ‘ಬಿಡಿಅಕ್ಷರ ಇನ್ನು ಯಾರಿಗೂ ಬೇಕಾಗಿಲ್ಲ, ತೆಗೆಯಲೇ?’ ಎಂದು ಯಂತ್ರ ಕೇಳಿತು. ಅವರು ಓದದೆಯೇ ಹೌದು ಒತ್ತಿದರು. ನನಗೆ ಬೇಸರವೇನೂ ಆಗಲಿಲ್ಲ. ಅದೇ ಹೊತ್ತಿಗೆ ಬಳ್ಳಾರಿಯಲ್ಲೊಬ್ಬರು ಷಟ್ಪದಿಯ ಮಾತ್ರೆ ಎಣಿಸಲು ನನ್ನನ್ನು ಕರೆಸಿಕೊಂಡಿದ್ದರು. ಸಾಲು ಉದ್ದವಿತ್ತು, ಒತ್ತಕ್ಷರಗಳೂ ಬೇಕಾದಷ್ಟಿದ್ದವು. ನಾನು ಬಿಡಿಸತೊಡಗಿದೆ.