ಈ ಜಾಗ ಖಾಲಿ ಇಲ್ಲ

ಹುಲ್ಲು ಕತ್ತರಿಸುವ ಯಂತ್ರದ ಮುಂದೆ ಮಗಳು ಎರಡೂ ಕೈ ಚಾಚಿ ನಿಂತುಬಿಟ್ಟಳು.

"ಆಫ್ ಮಾಡಿ ಅದನ್ನ!"

ಸ್ಮಶಾನದ ಕಾವಲುಗಾರ ತಕ್ಷಣ ಯಂತ್ರ ನಿಲ್ಲಿಸಿದ. ಯಾರಾದರೂ ಹಾಗೆ ಹೇಳಲಿ ಎಂದೇ ಅವನೂ ಕಾಯುತ್ತಿದ್ದ. ಅವನ ಹಿಂದಿದ್ದ ಸ್ಮಶಾನ ಸಮಿತಿಯ ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು.

"ನೋಡಮ್ಮ, ಇನ್ನೊಂದು ಗಂಟೇಲಿ ನಿಮ್ಮಮ್ಮನ ಪೆಟ್ಟಿಗೆ ಬರುತ್ತೆ. ಇಲ್ಲಿ ಸೊಂಟದುದ್ದ ಹುಲ್ಲು. ಬಂದವರು ಏನಂದ್ಕೋತಾರೆ? ನಿಮ್ಮಮ್ಮನಿಗೇ ಅವಮಾನ."

"ಇದನ್ನ ಕತ್ತರಿಸಿದ್ರೆ ಅವಮಾನ ಸಾರ್."

ಅವಳ ಅಮ್ಮ ನಲವತ್ತು ವರ್ಷ ಲಾರಿಗಳಿಗೆ ನಂಬರು, ಅಂಗಡಿಗಳಿಗೆ ಹೆಸರು ಬರೆದು ಬದುಕಿದವಳು. ಸಂಜೆ ಡಬ್ಬಿಯ ತಳದಲ್ಲಿ ಉಳಿದ ಬಣ್ಣ ಹಿಡಿದು ಊರಾಚೆಯ ಹುಲ್ಲುಗಾವಲಿಗೆ ಹೋಗಿ ಅದರ ಚಿತ್ರವನ್ನೇ ಬಿಡಿಸುತ್ತಿದ್ದಳು. ಬೇರೇನನ್ನೂ ಬಿಡಿಸಲಿಲ್ಲ. ಲಾರಿಯ ತುಕ್ಕಿಗೆ ಹಚ್ಚುವ ಕೆಂಪು ಬಣ್ಣವೇ ಒಣಹುಲ್ಲಿಗೆ ಸರಿ ಹೊಂದುತ್ತದೆ ಎಂದು ಕಂಡುಕೊಂಡವಳು ಅವಳು. ಊರಿನವರು ಅವಳನ್ನು ಹುಲ್ಲಕ್ಕ ಎಂದರು. ಮೊದಮೊದಲು ಗೇಲಿಗೆ, ಆಮೇಲೆ ರೂಢಿಯಿಂದ.

ವರ್ಷ ವರ್ಷ ಹುಲ್ಲುಗಾವಲು ಗೋದಾಮುಗಳಾಗುತ್ತ ಹೋಯಿತು. ಕೊನೆಗೆ ಉಳಿದದ್ದು ಗೋರಿಗಳ ನಡುವಿನ ಈ ಎರಡು ಎಕರೆ. ಇಲ್ಲಿ ಯಾರೂ ಉಳುವ ಹಾಗಿರಲಿಲ್ಲ, ಕಟ್ಟುವ ಹಾಗೂ ಇರಲಿಲ್ಲ. ಆರು ವರ್ಷದಿಂದ ಅವಳು ದಿನವೂ ಬಂದು ಇಲ್ಲೇ ಕೂತು ಚಿತ್ರ ಬರೆಯುತ್ತಿದ್ದಳು. ಮೊನ್ನೆ, ಮೂರು ದಿನದ ಜ್ವರದಲ್ಲಿ ತೀರಿಕೊಂಡಳು.

*

ಹುಲ್ಲುಗಾವಲಿನ ದೊಡ್ಡ ಭಾಗಕ್ಕೆ ಬೇಲಿ ಬಿದ್ದ ವರ್ಷ ಗುತ್ತಿಗೆದಾರನೊಬ್ಬ ಅಮ್ಮನಿಗೆ ಆಳೆತ್ತರದ ಬೋರ್ಡು ಒಪ್ಪಿಸಿದ್ದ. 'ಖಾಲಿ ಜಾಗ. ಗೋದಾಮುಗಳಿಗೆ ಲಭ್ಯ' ಎಂದು ಬರೆಯಬೇಕಿತ್ತು. ಅವಳು ದಪ್ಪ ಅಕ್ಷರದಲ್ಲಿ, ನೆರಳು ಸಮೇತ, 'ಈ ಜಾಗ ಖಾಲಿ ಇಲ್ಲ' ಎಂದು ಬರೆದಳು. ಆಳುಗಳು ಓದದೆಯೇ ನೆಟ್ಟುಬಂದರು. ಬೋರ್ಡು ಹೆದ್ದಾರಿಯ ಪಕ್ಕ ಮೂರು ದಿನ ನಿಂತಿತ್ತು.

ನಾಲ್ಕನೇ ದಿನ ಗುತ್ತಿಗೆದಾರ ಉರಿದುಬಿದ್ದ. "ಏನ್ ಬರ್ದಿದೀಯ ನೀನು?"

"ಕಂಡಿದ್ದನ್ನ ಬರ್ದೆ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಒಂದು ದಿನಾನೂ ಅದು ಖಾಲಿ ಇರ್ಲಿಲ್ಲ. ಬನ್ನಿ, ತೋರಿಸ್ತೀನಿ." ಗೋಡೆಗೆ ಒರಗಿಸಿದ್ದ ಚಿತ್ರಗಳನ್ನು ಒಂದೊಂದಾಗಿ ಈಚೆಗೆ ಎಳೆದಳು. ಅವನು ತಿರುಗಿಯೂ ನೋಡಲಿಲ್ಲ.

ಎರಡು ವರ್ಷ ಯಾವ ಗುತ್ತಿಗೆದಾರನೂ ಅವಳಿಗೆ ಕೆಲಸ ಕೊಡಲಿಲ್ಲ. ಅಮ್ಮ ತನ್ನ ಹರಿದ ಕೋಟ್‌ಗೆ ತೇಪೆ ಹಾಕುತ್ತಿದ್ದಾಗ ಹತ್ತು ವರ್ಷದ ಮಗಳು ಕೇಳಿದ್ದಳು: "ತಪ್ಪಾಯ್ತು ಅಂತ ಒಪ್ಕೋಬಾರದಾಗಿತ್ತಾಮ್ಮ?"

"ಅಕ್ಷರ ತಪ್ಪಿದ್ರೆ ಒಪ್ಕೋತಿದ್ದೆ ಕಣೆ."

*

"ಬೀಜ ಉದುರೋವರೆಗೂ ಕತ್ತರಿಸಬೇಡ ಅಂತಿದ್ರು ಹುಲ್ಲಕ್ಕ," ಎಂದ ಕಾವಲುಗಾರ ಮೆಲ್ಲಗೆ. "ಇನ್ನೂ ಉದುರಿಲ್ಲ ಸಾರ್."

"ನಿನ್ನ ಕೇಳಿದ್ನಾ ನಾನು? ಶುರು ಮಾಡು!"

ಆಗ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಚಿಕ್ಕಮ್ಮ ಎದ್ದಳು. ಅಕ್ಕನ ಚಿತ್ರಗಳಲ್ಲಿ ಒಂದನ್ನೂ ಮನೆಯ ಗೋಡೆಗೆ ಹಾಕಿದವಳಲ್ಲ. ಹುಲ್ಲು ಬಿಡಿಸಿದರೆ ಹೊಟ್ಟೆ ತುಂಬುತ್ತಾ ಎಂದು ಮುಖಕ್ಕೇ ಕೇಳಿದವಳು. ಕುರ್ಚಿ ಎತ್ತಿಕೊಂಡು ಕುಂಟುತ್ತ ಬಂದಳು. ಯಂತ್ರದ ಬಾಯಿಗೆ ಎದುರಾಗಿ ಕುರ್ಚಿ ಊರಿ, ಕೈಚೀಲ ತೊಡೆಯ ಮೇಲಿಟ್ಟು ಕೂತಳು. ಹುಲ್ಲು ಅವಳ ಕತ್ತಿನವರೆಗೆ ಬಂತು.

"ನಿಮಗಾದ್ರೂ ಬುದ್ಧಿ ಬೇಡ್ವಾ?" ಎಂದರು ಕಾರ್ಯದರ್ಶಿ. "ನಿಮ್ಮಕ್ಕನಿಗೆ ಹುಚ್ಚು ಅಂತ ನೀವೇ ಹೇಳ್ತಿದ್ರಿ."

"ಹೇಳ್ತಿದ್ದೆ. ಅರವತ್ತು ವರ್ಷ ಅವಳ ಜೊತೆ ಜಗಳ ಆಡಿದೀನಿ, ಆ ಹಕ್ಕು ನಂದು. ನಿಮಗೆ ಯಾರು ಕೊಟ್ರು?"

ಕಾರ್ಯದರ್ಶಿ ಮಗಳನ್ನು ನೋಡಿದರು, ಕಾವಲುಗಾರನನ್ನು ನೋಡಿದರು. ಕಾವಲುಗಾರ ಯಂತ್ರದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

"ಇವತ್ತಿಗೆ ಬಿಡ್ತೀನಿ. ನಾಳೆ ಸಮಿತಿ ಸಭೆ ಇದೆ."

"ಎಷ್ಟು ಗಂಟೆಗೆ?" ಎಂದಳು ಚಿಕ್ಕಮ್ಮ. "ಕುರ್ಚಿ ನಾನೇ ತರ್ತೀನಿ."

ಮಗಳಿಗೆ ಎರಡು ದಿನದಿಂದ ಬಾರದ ಅಳು ಆಗ ಬಂತು, ಜೊತೆಗೇ ನಗುವೂ.

ಪೆಟ್ಟಿಗೆ ಹೊತ್ತವರು ದಾರಿ ಕಾಣದೆ, ಹುಲ್ಲನ್ನು ತೊಡೆಯಿಂದ ಸೀಳಿಕೊಂಡು ನಡೆದರು. ನಲವತ್ತು ಜನ ಹಿಂದೆ ಬಂದರು. ಮಣ್ಣು ಹಾಕಿ ಮುಗಿದಾಗ ಮಧ್ಯಾಹ್ನ ಇಳಿದಿತ್ತು. ಗೇಟಿನ ಹೊರಗೆ ಕಾರ್ಯದರ್ಶಿ ಬಗ್ಗಿ ಕಪ್ಪು ಪ್ಯಾಂಟಿಗೆ ಮುಳ್ಳಿನಂತೆ ಅಂಟಿದ್ದ ಬೀಜಗಳನ್ನು ಕೊಡವಿದರು, ಉಗುರಿನಿಂದ ಕಿತ್ತರು. ಉದುರಿದವು ಕೆಲವೇ. ಬೈದುಕೊಂಡು ಸ್ಕೂಟರ್ ಹತ್ತಿದರು. ಮೊಣಕಾಲಿನಿಂದ ಕಾಲುಚೀಲದವರೆಗೆ ನೂರಾರು ಬೀಜ ಹೊತ್ತು ಗೋದಾಮುಗಳ ನಡುವಿನ ರಸ್ತೆಯಲ್ಲಿ ಮನೆಗೆ ಹೊರಟರು.