ಕಟ್ಟು ಬಿಚ್ಚಿದ ಮಧ್ಯಾಹ್ನ

ಮಧ್ಯಾಹ್ನದ ಡ್ಯೂಟಿಗೆ ಬಂದ ನರ್ಸ್‌ಗೆ ವಾರ್ಡಿನ ಬಾಗಿಲಲ್ಲೇ ಕೂಗು ಕೇಳಿಸಿತು. ಕಿಟಕಿ ಪಕ್ಕದ ಮಂಚದ ಅಜ್ಜನದು. ಸೊಂಟದ ಮೂಳೆ ಮುರಿದು, ಆಪರೇಷನ್ ಮಾಡಿ ಹೊಸ ಕೀಲು ಹಾಕಿದ್ದರು. ಅಂದಿನಿಂದ ಅವರಿಗೆ ತಾನೆಲ್ಲಿದ್ದೇನೆ ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಡ್ರಿಪ್ಪಿನ ಸೂಜಿ ಕಿತ್ತೆಸೆದಿದ್ದರಂತೆ. ಮತ್ತೆ ಸೂಜಿ ಹಾಕಿ, ಎರಡೂ ಕೈಗಳನ್ನು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು.

"ಗಾಡಿ ನಿಲ್ಸು! ನಿಲ್ಸು ಗಾಡಿ!" ಅಜ್ಜ ಗಂಟಲು ಹರಿಯುವಂತೆ ಕೂಗಿ ಕೈ ಜಗ್ಗಿದರು.

"ಜೀವಮಾನವೆಲ್ಲ ಬಸ್ ಓಡಿಸಿದೋರು ಸಿಸ್ಟರ್. ತಲೇಲಿ ಇನ್ನೂ ಬಸ್ಸೇ ಓಡ್ತಿದೆ," ಎಂದು ಪಕ್ಕದಲ್ಲಿದ್ದ ಮಗಳು ನಗಲು ಹೋಗಿ ಅತ್ತುಬಿಟ್ಟಳು.

ನರ್ಸ್ ಅಜ್ಜನ ಕಟ್ಟಿದ ಕೈಗಳನ್ನು ನೋಡಿದಳು. ಕಳೆದ ವಾರವಷ್ಟೇ ವಾರ್ಡಿನ ಸಭೆಯಲ್ಲಿ ಅವಳು ಇದೇ ವಿಷಯದ ಸಂಶೋಧನೆಗಳನ್ನು ಓದಿ ಹೇಳಿದ್ದಳು. ಗೊಂದಲದಲ್ಲಿರುವ ವಯಸ್ಸಾದವರನ್ನು ಕಟ್ಟಿದರೆ ಗೊಂದಲ ಹೆಚ್ಚುತ್ತದೆ, ಕನ್ನಡಕ ಹಾಕಿ, ಕಿವಿಯ ಯಂತ್ರ ಕೊಡಿ, ಅವರನ್ನು ಕಾಡುತ್ತಿರುವುದೇನು ಅಂತ ಹುಡುಕಿ ಎಂದಿದ್ದಳು. ಎಲ್ಲರೂ ತಲೆಯಾಡಿಸಿ, ಟೀ ಕುಡಿದು, ಎದ್ದು ಹೋಗಿದ್ದರು.

"ಕಟ್ಟು ಬಿಚ್ಚಲಾ ಮೇಡಂ?" ಎಂದು ಇನ್‌ಚಾರ್ಜ್ ಸಿಸ್ಟರನ್ನು ಕೇಳಿದಳು.

ಅವರು ಅಜ್ಜನ ಕಡೆ ನೋಡಿದರು. "ನೀನು ಓದಿದ್ದು ಸುಳ್ಳು ಅಂತಿಲ್ಲ ಕಣೇ. ಆದ್ರೆ ಹಿಂದೆ ಒಬ್ರು ಹೀಗೇ ಎದ್ದು ಬಿದ್ದು ತಲೆ ಒಡ್ಕೊಂಡ್ರು. ಅವರ ಹೆಂಡತಿ ನನ್ನ ನೋಡಿದ ನೋಟ ಇವತ್ತಿಗೂ ಮರೆತಿಲ್ಲ." ಆಮೇಲೆ ನಿಟ್ಟುಸಿರು ಬಿಟ್ಟರು. "ಡಾಕ್ಟರನ್ನ ಕೇಳು. ಹೂಂ ಅಂದ್ರೆ ಬಿಚ್ಚು. ಮಂಚ ಪೂರ್ತಿ ಕೆಳಗಿಳಿಸು."

ಡಾಕ್ಟರ್ ಫೋನಿನಲ್ಲಿ ಹೂಂ ಅಂದರು. ಗಂಟು ಜಗ್ಗಿ ಜಗ್ಗಿ ಬಿಗಿದುಹೋಗಿತ್ತು, ಕತ್ತರಿಯೇ ಬೇಕಾಯಿತು. ಮಣಿಕಟ್ಟು ಕೆಂಪಾಗಿತ್ತು. ಕಳೆದುಹೋದೀತು ಅಂತ ಮಗಳು ಬ್ಯಾಗಿನಲ್ಲಿಟ್ಟಿದ್ದ ಕನ್ನಡಕ ಮತ್ತು ಕಿವಿಯ ಯಂತ್ರ ಹೊರಬಂದವು.

ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು. "ಯಾರಮ್ಮಾ ನೀನು?"

"ನಿಮ್ಮ ನರ್ಸು ಅಜ್ಜ. ಆಸ್ಪತ್ರೆಯಲ್ಲಿದ್ದೀರ."

"ಟಿಕೆಟ್ ತಗೊಂಡ್ಯಾ?"

ಮಗಳು ಈ ಸಲ ನಿಜವಾಗಿ ನಕ್ಕಳು. ನರ್ಸ್ ನೀರು ಕುಡಿಸಿದಳು, ನೋವಿನ ಔಷಧಿ ಕೊಟ್ಟಿದೆಯೇ ಎಂದು ನೋಡಿದಳು. ಮೂತ್ರದ ನಳಿಕೆ ಬೆಳಿಗ್ಗೆಯೇ ತೆಗೆದಿದ್ದರು. ಬಟ್ಟೆ ಒದ್ದೆಯಾಗಿತ್ತು. ಸದ್ಯ, ಮೂತ್ರ ಹೋಗುತ್ತಿದೆ ಎಂದುಕೊಂಡು ಬದಲಾಯಿಸಿದಳು.

ಆಮೇಲೆ ಬೇರೆಯವರಿಗೆ ಇಂಜೆಕ್ಷನ್ ಕೊಡುವಾಗಲೂ ಅವಳ ಕಿವಿ ಕಿಟಕಿಯ ಕಡೆಗೇ ಇತ್ತು. ಟ್ರೇ ಸದ್ದಾದರೂ ತಿರುಗಿ ನೋಡುತ್ತಿದ್ದಳು. ಅಜ್ಜ ಬಿದ್ದರೆ? ಹೊಸ ಕೀಲು ಜಾರಿದರೆ? ಕಟ್ಟಿದವರನ್ನು ಯಾರೂ ಏನೂ ಕೇಳಿರಲಿಲ್ಲ. ಬಿಚ್ಚಿದವಳನ್ನು ಎಲ್ಲರೂ ಕೇಳುತ್ತಾರೆ.

"ಸಿಸ್ಟರ್!" ಮಗಳು ಚೀರಿದಳು.

ಅಜ್ಜನ ಒಂದು ಕಾಲು ಆಗಲೇ ನೆಲದ ಮೇಲಿತ್ತು. ಸೂಜಿ ಕಿತ್ತುಬಂದು ಹಾಸಿಗೆಯೆಲ್ಲ ರಕ್ತ. ನರ್ಸ್ ಓಡಿಹೋಗಿ ಭುಜ ಹಿಡಿದಳು. ಇನ್‌ಚಾರ್ಜ್ ಸಿಸ್ಟರ್ ಇನ್ನೊಂದು ಕಡೆಯಿಂದ ಹಿಡಿದು ಮಲಗಿಸಿದರು. "ನಿಲ್ಸು ಅಂದ್ನಲ್ಲಾ!" ಅಜ್ಜ ಅರಚಿದರು. ನರ್ಸ್‌ನ ಕೈ ತಾನಾಗಿಯೇ ಕಟ್ಟುವ ಬಟ್ಟೆಯ ಕಡೆ ಹೋಯಿತು.

"ತಡಿ," ಎಂದರು ಇನ್‌ಚಾರ್ಜ್ ಸಿಸ್ಟರ್. "ಏನು ಕಾಡ್ತಿದೆ ಅಂತ ಹುಡುಕಬೇಕು ಅಂದಿದ್ದೆಯಲ್ಲ. ಎಲ್ಲಾ ನೋಡಿದ್ಯಾ?"

"ನೋಡ್ದೆ ಮೇಡಂ. ಮೂತ್ರನೂ ಹೋಗಿದೆ."

"ಎಷ್ಟು?"

"ಬಟ್ಟೆ ಒದ್ದೆ ಇತ್ತು..."

ಅವರು ಅಜ್ಜನ ಕಿಬ್ಬೊಟ್ಟೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟರು. ಅಜ್ಜ ಮುಖ ಹಿಂಡಿದರು. "ಕಲ್ಲಿನ ಹಾಗೆ ಗಟ್ಟಿಯಾಗಿದೆ ನೋಡು. ಹೋಗಿದ್ದಲ್ಲ ಅದು, ಮೂತ್ರ ಕಟ್ಟಿ, ತುಂಬಿ ಸೋರಿದ್ದು. ಪಾಪ, ಆಗ್ಲಿಂದ ಗಾಡಿ ನಿಲ್ಸು ಅಂತಿದ್ದಾರೆ, ನಮಗೆ ಅರ್ಥ ಆಗ್ಲಿಲ್ಲ."

ನರ್ಸ್ ನಾಚಿಕೆಯಿಂದ ಕುಗ್ಗಿಹೋದಳು. ಮೂತ್ರ ಕಟ್ಟಿಕೊಂಡಿದೆಯೇ ನೋಡಿ ಅಂತ ಸಭೆಯಲ್ಲಿ ಹೇಳಿದ್ದವಳೇ ಅವಳು. ಆದರೆ ಈಗ ನಾಚಿಕೆಗೆ ಪುರಸೊತ್ತಿರಲಿಲ್ಲ. ಡಾಕ್ಟರಿಗೆ ತಿಳಿಸಿ ನಳಿಕೆ ಹಾಕಿದಳು. ಚೀಲ ತುಂಬುತ್ತಾ ಹೋದಂತೆ ಅಜ್ಜನ ಮುಷ್ಟಿ ಸಡಿಲವಾಯಿತು. "ಅಬ್ಬಾ," ಎಂದು ಉಸಿರು ಬಿಟ್ಟು ಹಾಗೇ ನಿದ್ದೆಹೋದರು.

ರಾತ್ರಿ ಡ್ಯೂಟಿ ವಹಿಸಿಕೊಳ್ಳಲು ಬಂದ ನರ್ಸ್ ಎಲ್ಲ ಕೇಳಿ ಹಿಂಜರಿದಳು. "ಕಟ್ಟಬಾರ್ದು ಅಂತೀಯಾ? ನಾನಿರೋವಾಗ ಬಿದ್ರೆ?"

"ಬೀಳಬಹುದು," ಎಂದಳು ಇವಳು. ಸುಳ್ಳು ಧೈರ್ಯ ಹೇಳಲು ಮನಸ್ಸಾಗಲಿಲ್ಲ. "ಎದ್ದು ಕೂಗಿದ್ರೆ ಏನು ಬೇಕು ಅಂತ ಮೊದ್ಲು ನೋಡು. ನಾನು ಅರ್ಧ ನೋಡಿ ಬಿಟ್ಟಿದ್ದೆ."

ಮನೆಗೆ ಹೊರಟಿದ್ದ ಇನ್‌ಚಾರ್ಜ್ ಸಿಸ್ಟರ್ ಹೆಗಲ ಬ್ಯಾಗ್ ಕೆಳಗಿಟ್ಟರು. "ಮಾತು ಸಾಕು, ಹಿಡೀರಿ." ಮೂವರೂ ಸೇರಿ ಮಂಚವನ್ನು ನರ್ಸ್‌ಗಳ ಮೇಜಿನ ಎದುರಿಗೆ ತಳ್ಳಿದರು. ಅಜ್ಜನಿಗೆ ಎಚ್ಚರವಾಗಲಿಲ್ಲ.

ಮನೆ ತಲುಪಿ ಚಪ್ಪಲಿ ಬಿಡುವ ಮೊದಲೇ ಅವಳು ವಾರ್ಡಿಗೆ ಫೋನ್ ಮಾಡಿದಳು.

"ಮಲಗಿದ್ದಾರೆ ಮಾರಾಯ್ತಿ, ಮೊದ್ಲು ನೀನು ಊಟ ಮಾಡು," ಎಂದಿತು ಆ ಕಡೆಯ ದನಿ.

ಅವಳು ಊಟಕ್ಕೆ ಕೂತಳು. ಫೋನನ್ನು ಮಾತ್ರ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಳು.